ನ್ಯಾನೋ ಆಮೇಲೆ, ಮೊದಲು ಡ್ರಿಪ್ಪಿನ ತೂತು ನೋಡೋಣ

ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಮೆಕ್ಯಾನಿಕಲ್ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಎರಡು ಹೆಸರು ತಪ್ಪದೆ ಕಾಣುತ್ತವೆ. ಒಂದು ಮೈಕ್ರೋ ಮಷಿನಿಂಗ್, ಇನ್ನೊಂದು ಕಾರ್ಬನ್ ನ್ಯಾನೋಟ್ಯೂಬ್ ಕಾಂಪೋಸಿಟ್. ಎರಡೂ ಒಳ್ಳೆಯ ವಿಷಯಗಳೇ. ಎರಡರಲ್ಲೂ ಜೀವಮಾನವಿಡೀ ಮಾಡುವಷ್ಟು ಕೆಲಸ ಇದೆ. ನಮ್ಮ ತಕರಾರು ವಿಷಯದ ಮೇಲಲ್ಲ, ಅದನ್ನು ಆರಿಸಿಕೊಳ್ಳುವ ರೀತಿಯ ಮೇಲೆ. ಹೆಸರು ದೊಡ್ಡದಾಗಿದ್ದರೆ ಮಾರ್ಕ್ಸ್ ಬರತ್ತೆ ಅಂತ ಆರಿಸುವುದು ಬೇರೆ, ನಮ್ಮೂರಿನ ಒಂದು ಪ್ರಶ್ನೆಗೆ ಉತ್ತರ ಬೇಕು ಅಂತ ಆರಿಸುವುದು ಬೇರೆ. ಎರಡನೆಯದು ನಡೆಯಬೇಕು, ಅದರ ಉತ್ತರ ‘ಇಲ್ಲಿ ನ್ಯಾನೋ ಬೇಡ’ ಅಂತ ಬಂದರೂ ಅದಕ್ಕೆ ಪೂರ್ತಿ ಮಾರ್ಕ್ಸ್ ಸಿಗಬೇಕು. ಈ ಲೇಖನದಲ್ಲಿ ನಾವು ಹೇಳಬೇಕಾಗಿರೋದು ಇಷ್ಟೇ.

ನಮ್ಮ ಕನ್ನಡ ಬಳಗದಲ್ಲಿ ಕಡೂರು ತಾಲ್ಲೂಕಿನ ಹಿರೇನಲ್ಲೂರು ಹೋಬಳಿ ಕಡೆಯವರೂ ಇದ್ದೇವೆ. ಹಾಗಾಗಿ ಉದಾಹರಣೆಯನ್ನು ಅಲ್ಲಿಂದಲೇ ತಗೋತೀವಿ. ತೆಂಗು, ಅಡಿಕೆ, ರಾಗಿ, ಬೋರ್‌ವೆಲ್ ಇರುವ ಯಾವ ಬಯಲುಸೀಮೆಯ ಊರಿಗೂ ಇದು ಹೊಂದುತ್ತದೆ.

ಮೈಕ್ರೋ ಮಷಿನಿಂಗ್ ಆಗಲೇ ಊರಿಗೆ ಬಂದಿದೆ

ಒಂದು ಮಿಲಿಮೀಟರಿಗಿಂತ ಸಣ್ಣ ತೂತು, ಕಾಲುವೆ, ಗೀರುಗಳನ್ನು ಲೋಹದಲ್ಲೋ ಪ್ಲಾಸ್ಟಿಕ್ಕಿನಲ್ಲೋ ಕೊರೆಯುವುದೇ ಮೈಕ್ರೋ ಮಷಿನಿಂಗ್. ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 80 ಮೈಕ್ರಾನ್ ದಪ್ಪ. ಕೂದಲಿನಷ್ಟು ತೆಳ್ಳಗಿನ ಕಟರ್ ಹಿಡಿದು ನಿಮಿಷಕ್ಕೆ 50 ಸಾವಿರ ಸುತ್ತು ತಿರುಗಿಸಿ ಕೊರೆಯುವುದು ಒಂದು ದಾರಿ. ಕಿಡಿ ಹಾರಿಸಿ ಕಣಕಣವಾಗಿ ಕರಗಿಸಿ ತೆಗೆಯುವುದು ಇನ್ನೊಂದು ದಾರಿ. ಇದಕ್ಕೆ ಇಡಿಎಂ ಅಂತಾರೆ. ಪೀಣ್ಯದ ಶೆಡ್ಡುಗಳಲ್ಲಿ ‘ಸ್ಪಾರ್ಕ್’, ‘ವೈರ್‌ಕಟ್’ ಅಂತ ಕರೆಯೋದು ಇದರ ಬಗೆಗಳನ್ನೇ.

ಇದು ಬೆಂಗಳೂರಿನ ಲ್ಯಾಬಿಗೆ ಮಾತ್ರ ಸೇರಿದ್ದು ಅಂದ್ಕೋಬೇಡಿ. ಊರಿನ ಟ್ರ್ಯಾಕ್ಟರ್ ಬಾನೆಟ್ ಎತ್ತಿ ನೋಡಿ. ಡೀಸೆಲ್ ಚಿಮ್ಮಿಸುವ ನಾಝಲ್ಲಿನ ತೂತುಗಳು ಮಿಲಿಮೀಟರಿನ ಹತ್ತನೇ ಎರಡು–ಮೂರು ಭಾಗದಷ್ಟೇ ಇರತ್ತವೆ. ಅಷ್ಟು ಗಟ್ಟಿ ಉಕ್ಕಿನಲ್ಲಿ ಅಷ್ಟು ಸಣ್ಣ ತೂತು ಕೊರೆಯಲು ಕಿಡಿಯ ವಿಧಾನವನ್ನೇ ಬಳಸುತ್ತಾರೆ. 1951ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ಮೈಕೋ ಕಂಪನಿಯಿಂದಾಗಿ ಈ ಪಂಪು, ನಾಝಲ್ಲುಗಳು ಎಷ್ಟು ಮನೆಮಾತಾದವು ಅಂದರೆ ಈಗಲೂ ಹಳೇ ಮೆಕ್ಯಾನಿಕ್ಕುಗಳು ಯಾವ ಕಂಪನಿಯದಾದರೂ ‘ಮೈಕೋ ಪಂಪು’ ಅಂತಲೇ ಅಂತಾರೆ. ಎಚ್‌ಎಂಟಿ 1953ರಲ್ಲಿ, ಮೆಷಿನ್ ಟೂಲ್ ಸಂಶೋಧನೆಯ ಸಿಎಂಟಿಐ 1962ರಲ್ಲಿ ಬೆಂಗಳೂರಲ್ಲೇ ಶುರುವಾದವು. ಸಣ್ಣದನ್ನು ಕೊರೆಯುವ ವಿದ್ಯೆಗೆ ಕರ್ನಾಟಕದಲ್ಲಿ ಎಪ್ಪತ್ತು ವರ್ಷದ ಬೇರಿದೆ.

ಟ್ರ್ಯಾಕ್ಟರಿಗಿಂತ ಹತ್ತಿರದ ಉದಾಹರಣೆ ತೋಟದಲ್ಲಿದೆ. ಅಡಿಕೆ ಬುಡದಲ್ಲಿ ಹನಿ ಹನಿ ಬೀಳಿಸುವ ಡ್ರಿಪ್ಪರ್ ಒಂದನ್ನು ಬ್ಲೇಡಿನಿಂದ ಸೀಳಿ ನೋಡಿ. ಒಳಗೆ ಹಾವಿನ ಹಾಗೆ ಅಂಕುಡೊಂಕಾದ ಒಂದು ಕಾಲುವೆ. ಅದರ ಅಗಲ ಹೆಚ್ಚೂಕಡಿಮೆ ಒಂದು ಮಿಲಿಮೀಟರು, ಕೆಲವದರಲ್ಲಿ ಅದಕ್ಕಿಂತಲೂ ಕಡಿಮೆ. ಪೈಪಿನಲ್ಲಿ ಒತ್ತಡದಿಂದ ಬರುವ ನೀರು ಆ ತಿರುವುಗಳಲ್ಲಿ ಡಿಕ್ಕಿ ಹೊಡೆದು, ಸುಳಿದು, ಒತ್ತಡ ಕಳಕೊಂಡು ಗಂಟೆಗೆ 2 ಲೀಟರೋ 4 ಲೀಟರೋ ಲೆಕ್ಕದಲ್ಲಿ ಹನಿಯುತ್ತದೆ. ಆ ಪ್ಲಾಸ್ಟಿಕ್ ತುಂಡನ್ನು ಎರಕ ಹೊಯ್ಯುವ ಉಕ್ಕಿನ ಅಚ್ಚನ್ನು ಮಾಡೋದು ಮೈಕ್ರೋ ಮಿಲ್ಲಿಂಗ್ ಮತ್ತು ಇಡಿಎಂನಿಂದ. ಅಚ್ಚಿನಲ್ಲಿ ಕಾಲುವೆ ಸ್ವಲ್ಪ ಆಚೀಚೆ ಆದರೆ ಅದರಲ್ಲಿ ಹುಟ್ಟುವ ಲಕ್ಷಾಂತರ ಡ್ರಿಪ್ಪರುಗಳಲ್ಲೂ ಅದೇ ಐಬು.

ಒಂದು ಲೆಕ್ಕ ಹಾಕೋಣ. ಒಂಬತ್ತು ಅಡಿ ಅಂತರದಲ್ಲಿ ಅಡಿಕೆ ಹಾಕಿದರೆ ಎಕರೆಗೆ ಸುಮಾರು 540 ಗಿಡ. ಗಿಡಕ್ಕೆ ಎರಡರಂತೆ 1080 ಡ್ರಿಪ್ಪರ್. ಕಾಲುವೆ 800 ಮೈಕ್ರಾನ್ ಅಗಲ ಇದೆ ಅಂತಿಟ್ಟುಕೊಳ್ಳಿ. ಗಡಸು ನೀರಿನ ಸುಣ್ಣ ಕೂತು ಅದರಲ್ಲಿ 80 ಮೈಕ್ರಾನ್, ಅಂದರೆ ಒಂದು ಕೂದಲೆಳೆಯಷ್ಟು ಅಗಲ ಕಮ್ಮಿಯಾದರೆ ನೀರು ಹತ್ತರಲ್ಲಿ ಒಂದು ಪಾಲಾದರೂ ಕಡಿಮೆ ಬೀಳತ್ತೆ. 4 ಲೀಟರಿನ ಡ್ರಿಪ್ಪರ್ 3.6 ಲೀಟರಿಗೆ ಇಳೀತು. ಆರು ಗಂಟೆ ತ್ರೀ ಫೇಸ್ ಕರೆಂಟು ಸಿಕ್ಕರೆ ಒಂದೊಂದು ಡ್ರಿಪ್ಪರಿಗೆ 2.4 ಲೀಟರ್ ಖೋತಾ, ಎಕರೆಗೆ ಎರಡೂವರೆ ಸಾವಿರ ಲೀಟರ್. ಸುಣ್ಣ ಎಲ್ಲ ಕಡೆ ಒಂದೇ ಸಮ ಕೂರುವುದೂ ಇಲ್ಲ. ಒಂದು ಗಿಡಕ್ಕೆ ನೀರು, ಪಕ್ಕದ್ದಕ್ಕೆ ಬರೀ ತೇವ.

ಹಾಗಾಗಿ ರಜೆಗೆ ಊರಿಗೆ ಹೋದಾಗ ‘ಏನಪ್ಪಾ, ಇಂಜಿನಿಯರಿಂಗ್ ಓದ್ತಿದೀಯಲ್ಲ, ಈ ಡ್ರಿಪ್ ಯಾಕ್ ಹಿಂಗ್ ಕಟ್ಕೊಳ್ತದೆ ಹೇಳು’ ಅಂತ ದೊಡ್ಡಪ್ಪನೋ ಮಾವನೋ ಕೇಳಿದರೆ ಅದು ಕಾಲೆಳೆಯುವ ಮಾತಲ್ಲ. ಅದು ಮೈಕ್ರೋ ಮಷಿನಿಂಗಿನ ಅಪ್ಪಟ ಪ್ರಶ್ನೆ.

ನೇಗಿಲಿನ ಗುಳವೂ ಮೈಕ್ರೋ ಕಟರೂ

ಸಣ್ಣದನ್ನು ಕೊರೆಯುವುದು ದೊಡ್ಡದನ್ನು ಕೊರೆಯುವುದರ ಚಿಕ್ಕ ನಕಲಲ್ಲ. ಲೇತಿನಲ್ಲಿ ಅರ್ಧ ಮಿಲಿಮೀಟರ್ ಕಟ್ ಕೊಟ್ಟಾಗ ಟೂಲಿನ ಅಂಚು ನಮಗೆ ಚೂಪಾಗೇ ಕಾಣತ್ತೆ. ನಿಜದಲ್ಲಿ ಆ ಅಂಚೂ ಕೆಲವು ಮೈಕ್ರಾನಿನಷ್ಟು ಗುಂಡಗಿರುತ್ತದೆ. ಮೈಕ್ರೋ ಮಿಲ್ಲಿಂಗಿನಲ್ಲಿ ಒಂದು ಹಲ್ಲು ತೆಗೆಯುವ ಪದರವೇ ಒಂದೆರಡು ಮೈಕ್ರಾನ್. ಆಗ ಚೂಪು ಅನ್ನೋ ಮಾತಿಗೇ ಅರ್ಥ ಇಲ್ಲ. ಪದರ ತೀರಾ ತೆಳುವಾದರೆ ಕಟರ್ ಕತ್ತರಿಸುವ ಬದಲು ಲೋಹವನ್ನು ಒತ್ತಿ, ಉಜ್ಜಿ, ಪಕ್ಕಕ್ಕೆ ತಳ್ಳುತ್ತದೆ. ಪುಸ್ತಕದಲ್ಲಿ ಇದಕ್ಕೆ ಇರುವ ಇಂಗ್ಲಿಷ್ ಹೆಸರಿನ ಅರ್ಥವೂ ‘ಉಳುಮೆ’ ಅಂತಲೇ. ಮೊಂಡು ಗುಳದ ನೇಗಿಲು ಒಣನೆಲದ ಮೇಲೆ ಹೋದಾಗ ಮಣ್ಣು ಸೀಳದೆ ಬರೀ ಗೀರು ಬೀಳತ್ತಲ್ಲ, ಅದೇ. ಗುಳ ಆಳಕ್ಕೆ ಇಳಿದರೆ ಮಾತ್ರ ಮಣ್ಣು ಮಗುಚುತ್ತೆ. ಕಮ್ಮಿ ಫೀಡ್ ಕೊಟ್ಟರೆ ಫಿನಿಶ್ ಚೆನ್ನಾಗಿ ಬರತ್ತೆ ಅನ್ನೋ ವರ್ಕ್‌ಶಾಪ್ ಪಾಠ ಇಲ್ಲಿ ತಲೆಕೆಳಗಾಗೋದು ಇದಕ್ಕೇ. ಇದನ್ನು ಬಯಲುಸೀಮೆಯ ಹುಡುಗರಿಗೆ ನೇಗಿಲು ತೋರಿಸಿ ಹೇಳಿದರೆ ಒಂದು ನಿಮಿಷ ಸಾಕು.

ನ್ಯಾನೋಟ್ಯೂಬ್ ಎಂಬ ಗಂಟು

ಈಗ ಎರಡನೇ ವಿಷಯಕ್ಕೆ ಬರೋಣ. ಇಂಗಾಲದ ಅಣುಗಳ ಒಂದು ಹಾಳೆಯನ್ನು ಚಾಪೆ ಸುತ್ತಿದ ಹಾಗೆ ಸುತ್ತಿದರೆ ಕಾರ್ಬನ್ ನ್ಯಾನೋಟ್ಯೂಬ್. ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಪ್ರಕಟಿಸಿದ ಲೇಖನದಿಂದ ಇದು ಲೋಕಪ್ರಸಿದ್ಧವಾಯಿತು. ಹತ್ತು ನ್ಯಾನೋಮೀಟರ್ ದಪ್ಪದ ಒಂದು ಟ್ಯೂಬು ನಮ್ಮ ಕೂದಲಿಗಿಂತ ಎಂಟು ಸಾವಿರ ಪಟ್ಟು ತೆಳು. ಬಿಗಿತದಲ್ಲಿ ಉಕ್ಕು 200 ಗಿಗಾಪಾಸ್ಕಲ್ ಆದರೆ ಇದು ಸುಮಾರು 1000. ಈ ಅಂಕಿ ಕೇಳಿದ ಕೂಡಲೇ ಎಲ್ಲರಿಗೂ ಅನ್ನಿಸೋದು ಒಂದೇ: ಇದನ್ನು ಅಂಟಿಗೆ ಬೆರೆಸಿದರೆ ಅಂಟು ಉಕ್ಕಾಗತ್ತೆ!

ಆಗಲ್ಲ. ಯಾಕೆ ಅಂತ ನೋಡೋಣ. ಎಪಾಕ್ಸಿ ಅಂಟಿನ ಬಿಗಿತ ಸುಮಾರು 3 ಗಿಗಾಪಾಸ್ಕಲ್. ನೂರರಲ್ಲಿ ಒಂದು ಪಾಲು ನ್ಯಾನೋಟ್ಯೂಬ್ ಹಾಕಿ, ಎಲ್ಲವನ್ನೂ ಒಂದೇ ದಿಕ್ಕಿಗೆ ಮಲಗಿಸಿ, ಅಂಟು ಪೂರ್ತಿ ಕಚ್ಚಿತು ಅಂದುಕೊಂಡರೆ 13ರವರೆಗೆ ಏರಬಹುದು. ದಿಕ್ಕುದೆಸೆ ಇಲ್ಲದೆ ಚೆಲ್ಲಾಪಿಲ್ಲಿ ಬಿದ್ದರೆ ಲೆಕ್ಕ 5ಕ್ಕೆ ಇಳಿಯತ್ತೆ. ನಿಜವಾಗಿ ಮಾಡಿದಾಗ ಸಾಮಾನ್ಯವಾಗಿ ಅದೂ ಸಿಗಲ್ಲ. ಕಾರಣ ಗಂಟು. ರಾಗಿ ಹಿಟ್ಟನ್ನು ಎಸರಿಗೆ ಹಾಕಿ ಸರಿಯಾಗಿ ತಿರುವದಿದ್ದರೆ ಮುದ್ದೆಯಲ್ಲಿ ಗಂಟು ಉಳಿಯತ್ತಲ್ಲ, ನ್ಯಾನೋಟ್ಯೂಬುಗಳೂ ಹಾಗೆ ಒಂದನ್ನೊಂದು ತಬ್ಬಿಕೊಂಡು ಗಂಟಾಗುತ್ತವೆ. ಗಂಟಿನ ಒಳಗೆ ಅಂಟು ಹೋಗಲ್ಲ. ಬಲ ಕೊಡಬೇಕಾದ ಜಾಗವೇ ಬಿರುಕು ಹುಟ್ಟುವ ಜಾಗ ಆಗತ್ತೆ. ಸೋನಿಕೇಟರ್ ಹಚ್ಚಿ ಜೋರಾಗಿ ಬಿಡಿಸಲು ಹೋದರೆ ಟ್ಯೂಬುಗಳೇ ತುಂಡಾಗುತ್ತವೆ. ಮುದ್ದೆ ಮಾಡುವ ಕೈಗೆ ಗೊತ್ತಿರುವ ಹದವೇ ಇಲ್ಲೂ ಎಲ್ಲ.

ಹಾಗಾದರೆ ನ್ಯಾನೋಟ್ಯೂಬು ದಂಡವೇ? ಖಂಡಿತ ಅಲ್ಲ. ಅದು ಚೆನ್ನಾಗಿ ಕೊಡೋದು ವಿದ್ಯುತ್ ಹರಿಯುವ ಗುಣವನ್ನು. ಉದ್ದನೆಯ ಕೊಳವೆಗಳು ಒಂದಕ್ಕೊಂದು ತಾಗಿ ದಾರಿ ಮಾಡಿಕೊಳ್ಳುವುದರಿಂದ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಹಾಕಿದರೂ ಪ್ಲಾಸ್ಟಿಕ್ಕಿನಲ್ಲಿ ಕರೆಂಟ್ ಹರಿಯತೊಡಗುತ್ತೆ. ಕಾರಿನ ಇಂಧನ ಪೈಪುಗಳಲ್ಲಿ ಸ್ಥಿರವಿದ್ಯುತ್ತಿನ ಕಿಡಿ ಹುಟ್ಟದಿರಲಿ ಅಂತ ಇದನ್ನು ಬಳಸುತ್ತಾರೆ. ನಮ್ಮ ಎರಡು ವಿಷಯಗಳು ಕೈಕೂಡಿಸೋದೂ ಇಲ್ಲೇ. ಇಡಿಎಂ ನಡೆಯಬೇಕಾದರೆ ಕೊರೆಯುವ ವಸ್ತುವಿನಲ್ಲಿ ಕರೆಂಟ್ ಹರಿಯಬೇಕು. ಅಲ್ಯುಮಿನಾದಂಥ ಸೆರಾಮಿಕ್ಕಿನಲ್ಲಿ ಹರಿಯಲ್ಲ, ಅದನ್ನು ಕಟರಿನಿಂದ ಕೊರೆಯುವುದೂ ಕಷ್ಟ. ಸ್ವಲ್ಪ ನ್ಯಾನೋಟ್ಯೂಬ್ ಸೇರಿಸಿದರೆ ಅದೇ ಸೆರಾಮಿಕ್ ಕಿಡಿಗೆ ಬಗ್ಗತ್ತೆ. ಮರಳು ಬರುವ ಬೋರ್‌ವೆಲ್ ಪಂಪಿನ ಬುಷ್ ಬೇಗ ಸವೆಯೋದು ನಿಮಗೆಲ್ಲ ಗೊತ್ತು. ಸವೆಯದ ಸೆರಾಮಿಕ್ ಬುಷ್ಷಿನಲ್ಲಿ ನೀರಿನ ಸಣ್ಣ ಗೀರುಗಳನ್ನು ಕಿಡಿಯಿಂದ ಕೊರೆಯಬಹುದೇ? ಇದು ನ್ಯಾನೋಟ್ಯೂಬಿಗೆ ಒಪ್ಪುವ, ಕಡೂರಿನ ರೀವೈಂಡಿಂಗ್ ಅಂಗಡಿಯವರಿಗೂ ಅರ್ಥವಾಗುವ ಪ್ರಶ್ನೆ.

ಈ ಮಧ್ಯೆ ವಾಟ್ಸಾಪಿನಲ್ಲಿ ಓಡಾಡುವ ಒಂದು ಮಾತು: ನಮ್ಮ ಪೂರ್ವಜರಿಗೆ ನ್ಯಾನೋ ಗೊತ್ತಿತ್ತು! ಇದರ ಹಿಂದೆ ಒಂದು ನಿಜ ಇದೆ. 2006ರಲ್ಲಿ ಜರ್ಮನಿಯ ಡ್ರೆಸ್ಡನ್ನಿನ ವಿಜ್ಞಾನಿಗಳು 17ನೇ ಶತಮಾನದ ಒಂದು ಡಮಾಸ್ಕಸ್ ಕತ್ತಿಯಲ್ಲಿ ಕಾರ್ಬನ್ ನ್ಯಾನೋಟ್ಯೂಬ್ ಕಂಡೆವು ಅಂತ ‘ನೇಚರ್’ನಲ್ಲಿ ಬರೆದರು. ಅಂಥ ಕತ್ತಿಗೆ ದಕ್ಷಿಣ ಭಾರತದ ವೂಟ್ಜ್ ಉಕ್ಕು ಹೋಗುತ್ತಿತ್ತು, ಆ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದಿದ್ದು ಅಂತಾರೆ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿ ಕಾರ್ಖಾನೆಗೆ ಹೋಗುತ್ತಿದ್ದ ಕಾಲವನ್ನು ನಮ್ಮ ಅಜ್ಜಂದಿರು ನೋಡಿದ್ದಾರೆ. ಕಬ್ಬಿಣದ ಹೆಮ್ಮೆ ನಮಗೂ ಇದೆ. ಆದರೆ ಆ ಕಮ್ಮಾರರಿಗೆ ಗೊತ್ತಿದ್ದದ್ದು ಅದಿರು, ಇದ್ದಿಲು, ಬೆಂಕಿಯ ಬಣ್ಣ, ಸುತ್ತಿಗೆ ಏಟಿನ ಹದ. ಅದೇ ಸಾಕಷ್ಟು ದೊಡ್ಡ ವಿದ್ಯೆ. ಅವರಿಗೆ ಇಲ್ಲದ ಜ್ಞಾನವನ್ನು ಅವರ ತಲೆಗೆ ಕಟ್ಟಿದರೆ ಇದ್ದ ಜ್ಞಾನಕ್ಕೆ ಅವಮಾನ.

ಮೂರು ತುಂಡು, ಒಂದು ಗ್ರಾಫು

ಈಗ ನಮ್ಮ ನಿಜವಾದ ತಕರಾರು. ಪ್ರಾಜೆಕ್ಟುಗಳು ಎಷ್ಟೋ ಕಡೆ ಹೇಗೆ ನಡೀತಿವೆ? ಪುಡಿ ತರಿಸೋದು, ಅಂಟಿಗೆ ಬೆರೆಸೋದು, ಮೂರು ಪಾಲಿನಲ್ಲಿ ಮೂರು ತುಂಡು ಮಾಡಿ ಎಳೆದು ಮುರಿಯೋದು, ಏರುವ ಒಂದು ಗ್ರಾಫು ಹಾಕಿ ‘ಬಲ ಹೆಚ್ಚಾಗಿದೆ’ ಅಂತ ಬರೆಯೋದು. ಒಂದೊಂದು ಪಾಲಿಗೆ ಒಂದೇ ತುಂಡು ಮುರಿದರೆ ಆ ವ್ಯತ್ಯಾಸ ನ್ಯಾನೋಟ್ಯೂಬಿನದೋ ಗಾಳಿಗುಳ್ಳೆಯದೋ ಹೇಳೋಕೆ ಆಗಲ್ಲ. ಐದಾರು ತುಂಡು ಮುರಿದು, ಅಂಕಿಗಳ ಹರವು ತೋರಿಸಿ, ಗಂಟು ಇದೆಯಾ ಅಂತ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮಾತ್ರ ಏನಾದರೂ ಹೇಳಬಹುದು. ಇಷ್ಟೂ ಬೇಡ ಅನ್ನೋರಿಗೆ ಬೆಂಗಳೂರಿನಲ್ಲಿ ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳಿವೆ. ರಿಪೋರ್ಟು, ಪಿಪಿಟಿ ಎರಡೂ ಸಿಗತ್ತೆ.

ಆ ದುಡ್ಡು ಯಾರದು? ಕೊಬ್ಬರಿ ಮಾರಿದ ದುಡ್ಡು, ರಾಗಿ ಮಾರಿದ ದುಡ್ಡು, ಸೊಸೈಟಿ ಸಾಲ. ಬೋರ್ ಕೊರೆಸಿ ನೀರು ಬೀಳದೆ ಕೂತ ಮನೆಯ ಮಕ್ಕಳೂ ನಮ್ಮ ಕ್ಲಾಸಿನಲ್ಲಿದ್ದಾರೆ. ಅವರ ಮನೆಯ ನೀರಿನ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಯಾರಿಗೂ ಬೇಡದ ಗ್ರಾಫಿಗೆ ಅದೇ ಮನೆಯ ದುಡ್ಡು ಸುರಿಯುವುದು ನ್ಯಾಯವಾ?

ದುಡ್ಡಿಗಿಂತ ದೊಡ್ಡದು ಆರೋಗ್ಯ. 2008ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಉದ್ದನೆಯ ನ್ಯಾನೋಟ್ಯೂಬುಗಳು ಕಲ್ನಾರಿನ ಎಳೆಗಳಂತೆಯೇ ಉರಿಯೂತ ತರುವುದು ಕಂಡುಬಂತು. ಕಲ್ನಾರು ಅಂದ್ರೆ ನಮ್ಮ ಶೆಡ್ಡಿನ ಆಸ್ಬೆಸ್ಟಾಸ್. ಅಮೆರಿಕದ ನಿಯೋಷ್ ಸಂಸ್ಥೆ 2013ರಲ್ಲಿ ಕೊಟ್ಟ ಮಿತಿ: ಕೆಲಸದ ಜಾಗದ ಒಂದು ಘನ ಮೀಟರ್ ಗಾಳಿಯಲ್ಲಿ ಸರಾಸರಿ 1 ಮೈಕ್ರೋಗ್ರಾಂ. ಒಂದು ಗ್ರಾಂ ಪುಡಿ ಅಂದರೆ ಹತ್ತು ಲಕ್ಷ ಮೈಕ್ರೋಗ್ರಾಂ. ಅಂಟಿನಲ್ಲಿ ಗಟ್ಟಿಯಾದ ಮೇಲೆ ಬಹುಪಾಲು ಒಳಗೇ ಸಿಕ್ಕಿಕೊಂಡಿರುತ್ತೆ, ಆದರೂ ಒಣಗಿದ್ದಲ್ಲೇ ಡ್ರಿಲ್ ಹೊಡೆದು ಧೂಳೆಬ್ಬಿಸುವುದು ಬೇಡ. ಹೆಚ್ಚಿನ ಅಪಾಯ ಬಿಡಿ ಪುಡಿಯನ್ನು ತೂಗುವಾಗ. ಫ್ಯಾನ್ ಕೆಳಗೆ, ಬಾಯಿಗೆ ಕರ್ಚೀಫ್ ಕಟ್ಟಿಕೊಂಡು ಪುಡಿ ತೂಗುವ ಲ್ಯಾಬಿನಲ್ಲಿ ಈ ಪ್ರಾಜೆಕ್ಟ್ ನಡೆಯಲೇಬಾರದು. ಫ್ಯೂಮ್ ಹುಡ್ ಮತ್ತು ಸರಿಯಾದ ಮಾಸ್ಕ್ ಇಲ್ಲದಿದ್ದರೆ ವಿಷಯ ಬದಲಿಸಿ ಅಂತ ಗೈಡ್‌ಗಳೇ ಹೇಳಬೇಕು.

ಹಾಗಾದ್ರೆ ಏನು ಮಾಡೋದು?

ಡ್ರಿಪ್ಪಿಗೇ ವಾಪಸ್ ಬರೋಣ. ಭದ್ರಾ ಮೇಲ್ದಂಡೆ ಯೋಜನೆ ಅಜ್ಜಂಪುರದ ಹತ್ತಿರದ ಸುರಂಗ ದಾಟಿ ನೀರು ಒಯ್ಯುವ ಯೋಜನೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ನೀರು ಕೊಡುವ ಗುರಿ ಅದರದ್ದು, ಅದೂ ಸೂಕ್ಷ್ಮ ನೀರಾವರಿ ಮೂಲಕ. 2023ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಕಾಲುವೆ, ಪಂಪ್‌ಹೌಸ್, ಸುರಂಗ ಎಲ್ಲ ಆದ ಮೇಲೆ ಕಟ್ಟಕಡೆಗೆ ನೀರು ಗಿಡಕ್ಕೆ ಸೇರೋದು ಮಿಲಿಮೀಟರಿಗಿಂತ ಸಣ್ಣ ದಾರಿಯಿಂದ. ಆ ದಾರಿ ಕಟ್ಟಿಕೊಂಡರೆ ಅಷ್ಟೂ ಕೋಟಿ ಅಲ್ಲೇ ನಿಂತ ಹಾಗೆ.

ಹಿರೇನಲ್ಲೂರು ಕಡೆಯ ಒಂದು ತಂಡ ಹೀಗೆ ಮಾಡಬಹುದು. ಒಂದು ವರ್ಷ, ಮೂರು ವರ್ಷ, ಐದು ವರ್ಷ ಬಳಸಿದ ಡ್ರಿಪ್ಪರುಗಳನ್ನು ಬೇರೆ ಬೇರೆ ತೋಟದಿಂದ ಕೇಳಿ ತರೋದು. ಹತ್ತು ನಿಮಿಷ ಬಿದ್ದ ನೀರನ್ನು ತೂಗೋದು. ಆಮೇಲೆ ಸೀಳಿ ಕಾಲುವೆಯ ಅಗಲವನ್ನು ಟೂಲ್‌ಮೇಕರ್ಸ್ ಮೈಕ್ರೋಸ್ಕೋಪಿನಲ್ಲಿ ಅಳೆಯೋದು. ಸುಣ್ಣ ಯಾವ ತಿರುವಿನಲ್ಲಿ ಹೆಚ್ಚು ಕೂತಿದೆ ಅಂತ ಗುರುತು ಹಾಕೋದು. ಹೊಸ ಡ್ರಿಪ್ಪರುಗಳಲ್ಲೂ ಒಂದಕ್ಕೊಂದು ಎಷ್ಟು ವ್ಯತ್ಯಾಸ ಇದೆ ಅಂತ ಐಎಸ್ 13487ರಲ್ಲಿ ಹೇಳಿದಂತೆ ಪರೀಕ್ಷಿಸೋದು. ಮುಂದಿನ ಸೆಮಿಸ್ಟರಿನಲ್ಲಿ ಅಕ್ರಿಲಿಕ್ ಹಲಗೆಯ ಮೇಲೆ ಮೂರು ನಾಲ್ಕು ಬಗೆಯ ತಿರುವುಗಳನ್ನು ಮೈಕ್ರೋ ಮಿಲ್ ಮಾಡಿ, ಊರಿನ ಬೋರ್‌ವೆಲ್ ನೀರನ್ನೇ ಕ್ಯಾನಿನಲ್ಲಿ ತಂದು ವಾರಗಟ್ಟಲೆ ಹರಿಸಿ ನೋಡೋದು. ಫೀಡ್ ಹೆಚ್ಚುಕಮ್ಮಿ ಮಾಡಿ, ಒರಟು ಗೋಡೆಗೆ ಸುಣ್ಣ ಬೇಗ ಹಿಡಿಯತ್ತಾ, ನುಣುಪು ಗೋಡೆಗಾ ಅಂತ ಹೋಲಿಸೋದು. ಮೈಕ್ರೋ ಮಷಿನಿಂಗಿನ ಎಲ್ಲ ಪಾಠವೂ ಇದರಲ್ಲಿ ಬಂತು.

ಇಲ್ಲಿ ನ್ಯಾನೋಟ್ಯೂಬು ಬೇಕಾ? ಡ್ರಿಪ್ಪರಿನ ಪ್ಲಾಸ್ಟಿಕ್ಕಿಗೆ ಬೇಡ ಅಂತಲೇ ನಮ್ಮ ಅಭಿಪ್ರಾಯ. ದುಬಾರಿ, ಜೊತೆಗೆ ಪ್ಲಾಸ್ಟಿಕ್ ಹಳೆಯದಾಗಿ ಪುಡಿಯಾದಾಗ ತೋಟದ ಮಣ್ಣಿಗೇ ಸೇರುತ್ತದೆ. ಆದರೆ ನೀರು ಹರೀತಿದೆಯಾ ಅಂತ ತಿಳಿಸುವ ಸೆನ್ಸರಿಗೆ ಬೇಕಾಗಬಹುದು. 2003ರಲ್ಲಿ ಬೆಂಗಳೂರಿನ ಐಐಎಸ್‌ಸಿಯ ಎ.ಕೆ. ಸೂದ್ ಅವರ ತಂಡ ನ್ಯಾನೋಟ್ಯೂಬುಗಳ ಕಟ್ಟಿನ ಮೇಲೆ ದ್ರವ ಹರಿದರೆ ವೋಲ್ಟೇಜ್ ಹುಟ್ಟುತ್ತದೆ ಅಂತ ತೋರಿಸಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿತು. ನಮ್ಮ ರಾಜ್ಯದಲ್ಲೇ ಆದ ಕೆಲಸ. ಅಲ್ಲಿಂದ ಅಡಿಕೆ ತೋಟದ ಲ್ಯಾಟರಲ್ ಪೈಪಿಗೆ ಬರಲು ದಾರಿ ಉದ್ದ ಇದೆ ನಿಜ. ಆದರೂ ದಾರಿಯ ಈ ತುದಿಯಲ್ಲಿ ನಿಂತು ನೋಡುವವರು ಯಾರಾದರೂ ಬೇಕಲ್ಲ.

‘ಇದೆಲ್ಲ ಸಂಶೋಧನೆನಾ? ಜರ್ನಲ್ಲಿಗೆ ಹೋಗತ್ತಾ?’ ಅಂತ ಕೇಳೋರಿದ್ದಾರೆ. ಮೂಲ ವಿಜ್ಞಾನ ಬೇಡ ಅಂತ ನಾವು ಹೇಳ್ತಿಲ್ಲ. ಐಐಎಸ್‌ಸಿಯ ಆ ಕೆಲಸಕ್ಕೆ ಯಾವ ರೈತನೂ ಅರ್ಜಿ ಹಾಕಿರಲಿಲ್ಲ, ಅದು ಆಗಬೇಕಾದ್ದೇ. ಅಂಥ ಸಾಧನ, ಸಮಯ ಎರಡೂ ಇಲ್ಲದ ಎಂಟು ತಿಂಗಳ ಬಿಇ ಪ್ರಾಜೆಕ್ಟು ಅದರ ಹೆಸರನ್ನಷ್ಟೇ ಹೊತ್ತುಕೊಂಡರೆ ಅತ್ತ ವಿಜ್ಞಾನವೂ ಆಗಲ್ಲ, ಇತ್ತ ಉಪಯೋಗಕ್ಕೂ ಬರಲ್ಲ.

ದುಡ್ಡಿಲ್ಲ, ಮಷಿನ್ ಇಲ್ಲ ಅನ್ನೋ ಮಾತು ಅರ್ಧ ನಿಜ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ನೆರವು ಕೊಡ್ತಿದೆ. ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಹೊರಗಿನ ಕಾಲೇಜಿನವರೂ ತರಬೇತಿ ಪಡೆದು ಕೆಲಸ ಮಾಡಲು ಐಎನ್‌ಯುಪಿ ಎಂಬ ಕೇಂದ್ರ ಸರ್ಕಾರದ ಕಾರ್ಯಕ್ರಮ ಬಂದಿದೆ. ಕೇಳಲು ಒಂದು ಒಳ್ಳೆಯ ಪ್ರಶ್ನೆ ಕೈಯಲ್ಲಿದ್ದರೆ ಬಾಗಿಲು ತಟ್ಟೋಕೆ ಧೈರ್ಯ ಬರತ್ತೆ.

ಕನ್ನಡದ ಮಾತನ್ನೂ ಹೇಳಬೇಕು. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಿತು. ಪೂರ್ತಿ ಪಾಠ ಕನ್ನಡದಲ್ಲಿ ಆಗಲಿ, ಆಗದಿರಲಿ, ಅದು ದೊಡ್ಡ ಚರ್ಚೆ. ಎರಡು ಪುಟ ಬರೆಯೋಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಡ್ರಿಪ್ಪರ್ ಕೊಟ್ಟ ತೋಟದ ಯಜಮಾನರಿಗೆ ‘ನಿಮ್ಮದರಲ್ಲಿ ಇಷ್ಟು ಕಟ್ಟಿಕೊಂಡಿದೆ, ಈ ಕಾರಣಕ್ಕೆ’ ಅಂತ ಅವರಿಗೆ ತಿಳಿಯುವ ಕನ್ನಡದಲ್ಲಿ ಬರೆದು ಕೊಡೋದು ನಮ್ಮ ಕರ್ತವ್ಯ. ಬರೆಯೋಕೆ ಬರಲಿಲ್ಲ ಅಂದರೆ ನಮಗೇ ವಿಷಯ ಪೂರ್ತಿ ಅರ್ಥವಾಗಿಲ್ಲ ಅಂತ ಅರ್ಥ.

ಕೊನೆಗೆ ವಿಭಾಗದ ಮುಂದೆ ನಮ್ಮ ಮೂರು ಬೇಡಿಕೆ. ಒಂದು, ಪ್ರಾಜೆಕ್ಟ್ ಪ್ರಸ್ತಾವದ ಮೊದಲ ಪುಟದಲ್ಲಿ ‘ಇದು ಯಾರ ಪ್ರಶ್ನೆ?’ ಅನ್ನೋ ಸಾಲು ಕಡ್ಡಾಯವಾಗಲಿ. ಎರಡು, ‘ಬಲ ಹೆಚ್ಚಾಗಲಿಲ್ಲ’, ‘ಇಲ್ಲಿ ನ್ಯಾನೋಟ್ಯೂಬ್ ಬೇಡ’ ಅನ್ನುವ ಫಲಿತಾಂಶ ಸರಿಯಾದ ಅಳತೆಯಿಂದ ಬಂದಿದ್ದರೆ ಮಾರ್ಕ್ಸ್ ಕಡಿಯಬೇಡಿ. ಮೂರು, ವೈವಾ ದಿನ ಇಂಗ್ಲಿಷ್ ರಿಪೋರ್ಟಿನ ಜೊತೆ ಎರಡು ಪುಟದ ಕನ್ನಡ ವರದಿಯೂ ಮೇಜಿನ ಮೇಲಿರಲಿ.

ಜೂನಿಯರ್‌ಗಳೇ, ಮುಂದಿನ ಸಲ ಊರಿಗೆ ಹೋದಾಗ ಕಟ್ಟಿಕೊಂಡ ನಾಲ್ಕು ಡ್ರಿಪ್ಪರ್ ಜೇಬಿಗೆ ಹಾಕ್ಕೊಂಡು ಬನ್ನಿ. ಯಾವ ತೋಟದ್ದು, ಎಷ್ಟು ವರ್ಷದ್ದು ಅಂತ ಚೀಟಿ ಅಂಟಿಸಿರಿ. ಮೈಕ್ರೋಸ್ಕೋಪ್ ಲ್ಯಾಬಿನಲ್ಲೇ ಇದೆ.